ಅಭಿರುಚಿಯೆಂಬ ರಹದಾರಿ

ರಾತ್ರಿ ಊಟವಾದ ಮೇಲೆ ಒಬ್ಬನೇ ದೂರ ನಡೆದು ಬರುವುದು ಎಷ್ಟೋ ಮಂದಿ ಓದುಗುಳಿಗಳ ಅಭ್ಯಾಸ. ಸುಮಾರು ಐವತ್ತು ವರ್ಷಗಳ ಹಿಂದೆ ಚಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಸಂಶೋಧನೆಯಲ್ಲಿ ತೊಡಗಿದ್ದ ಬ್ರೆಂಟ್ ಸ್ಟೇಪಲ್ಸ್ ಎಂಬ ತರುಣನಿಗೂ ಈ ಅಭ್ಯಾಸವಿತ್ತು. ಆದರೆ ಆತ ಕಪ್ಪು ಮನುಷ್ಯ; ಎತ್ತರದ ಆಳು. ಎದುರಿಗೆ ಬರುವ ಬಿಳಿಯ ದಂಪತಿಗಳು ಆತನನ್ನು ಕಂಡೊಡನೆ ಒಬ್ಬರ ತೋಳನ್ನೊಬ್ಬರು ಬಿಗಿಯಾಗಿ ಹಿಡಿದುಕೊಳ್ಳುವರು. ಮುಂದೆ ಹೋಗುತ್ತಿದ್ದ ಹೆಂಗಸು ಹೆಜ್ಜೆಯನ್ನು ಚುರುಕುಮಾಡಿ ಕಡೆಗೆ ಓಡಿಯೇ ಬಿಡುವಳು. ನಾಲ್ಕು ದಾರಿ ಕೂಡುವಲ್ಲಿ ನಿಂತ ಕಾರುಗಳ ಬಾಗಿಲುಗಳು ಒಳಗಿನಿಂದ ‘ಟಕ್ಕ’ನೆ ಭದ್ರವಾಗುವುವು. ಕೈಯಲ್ಲಿ ಪುಸ್ತಕ ಹಿಡಿಯುವುದನ್ನು ಬಿಟ್ಟು ಬೇರೆ ಅಪರಾಧವನ್ನೇನೂ ಮಾಡದ ಈ ವಿದ್ಯಾರ್ಥಿ ಕೊನೆಗೆ ಒಂದು ಉಪಾಯವನ್ನು ಕಂಡುಕೊಂಡ. ನಡೆಯುವಾಗ ಸಿಳ್ಳೆ ಹಾಕತೊಡಗಿದ. ಇಟಲಿಯ ವಿವಾಲ್ಡಿಯ ‘ನಾಲ್ಕು ಋತುಗಳು’ ಎಂಬ ವಾದ್ಯಕೃತಿಯ ಧಾಟಿ ಅದು. ಧಾಟಿ ಕಿವಿಗೆ ಬಿದ್ದ ಕೂಡಲೆ ದಾರಿಹೋಕರ ಮೈ ಸಡಿಲವಾಗುತ್ತಿತ್ತಂತೆ. ಕೆಲವರು ಕತ್ತಲಲ್ಲಿ ಮುಗುಳ್ನಗುತ್ತಲೂ ಇದ್ದರಂತೆ.

ಸ್ಟೇಪಲ್ಸ್ ಮುಂದೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕ ಮಂಡಲಿಯನ್ನು ಸೇರಿ 2019ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದರು. ರಾತ್ರಿಯ ಅಲೆದಾಟದ ಈ ಅನುಭವವನ್ನು ಅವರು 1986ರಲ್ಲಿ ಒಂದು ಪ್ರಬಂಧವಾಗಿ ಬರೆದದ್ದು ಇಂದು ಅಮೆರಿಕೆಯ ಕಾಲೇಜುಗಳಲ್ಲಿ ಪಾಠವಾಗಿ ಓದಲ್ಪಡುತ್ತಿದೆ. ಓದಿದವರೆಲ್ಲ ಬಿಳಿಯರ ಭಯವನ್ನು ಕುರಿತು ಮಾತನಾಡುತ್ತಾರೆ, ಅದು ಸಹಜವೇ. ಆದರೆ ಈ ಲೇಖಕನ ಮನಸ್ಸಿನಲ್ಲಿ ಉಳಿದ ಪ್ರಶ್ನೆ ಬೇರೆ. ಆತನಿಗೆ ವಿವಾಲ್ಡಿ ನಿಜವಾಗಿ ಇಷ್ಟವಾಗಿದ್ದನೆ? ಇಷ್ಟವಾಗಿದ್ದರೂ, ಆ ಸಿಳ್ಳೆ ಹಾಕುತ್ತಿದ್ದಾಗ ಆತ ಸಂಗೀತವನ್ನು ಸವಿಯುತ್ತಿದ್ದನೆ, ಇಲ್ಲವೆ ಗಡಿಯ ಚೌಕಿಯಲ್ಲಿ ನಿಂತು ರಹದಾರಿಯನ್ನು ತೋರಿಸುತ್ತಿದ್ದನೆ? ಒಂದೇ ಧಾಟಿ ಎರಡು ಕೆಲಸ ಮಾಡಬೇಕಾಗಿ ಬಂದಾಗ ಸವಿಯುವವನ ಪಾಲಿಗೆ ಅದರಲ್ಲಿ ಎಷ್ಟು ಉಳಿದೀತು?

ಅಮೆರಿಕೆಯ ಕಪ್ಪುಜನರೆಂದೊಡನೆ ನಮ್ಮ ಓದುಗರ ಕಣ್ಣ ಮುಂದೆ ಹತ್ತಿಯ ಹೊಲ, ಸಂಕೋಲೆ, ಮುಷ್ಟಿಯುದ್ಧದ ಕಣ, ಜಾಸ್ ವಾದ್ಯ ಇವು ನಿಲ್ಲುವುದುಂಟು. ಅವರಲ್ಲಿಯೂ ವೈದ್ಯರು, ವಕೀಲರು, ಅಧ್ಯಾಪಕರು, ಪಾದ್ರಿಗಳು, ಪತ್ರಕರ್ತರು ಎಂಬೊಂದು ವರ್ಗ ನೂರೈವತ್ತು ವರ್ಷಗಳಿಂದ ಬೆಳೆದು ಬಂದಿದೆಯೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾದ ಮರುವರ್ಷವೇ ನ್ಯಾಶ್ವಿಲ್ ನಗರದಲ್ಲಿ ಫಿಸ್ಕ್ ವಿದ್ಯಾಶಾಲೆ ತೆರೆಯಿತು. 1867ರಲ್ಲಿ ವಾಷಿಂಗ್ಟನ್ನಿನ ಹೊವರ್ಡ್. 1876ರಲ್ಲಿ ಮೆಹಾರಿ ವೈದ್ಯಕಾಲೇಜು. 1910ರಲ್ಲಿ ಫ್ಲೆಕ್ಸ್ನರ್ ಎಂಬಾತನ ವರದಿ ಹೊರಟ ಮೇಲೆ ಕಪ್ಪುಜನರ ಏಳು ವೈದ್ಯಶಾಲೆಗಳಲ್ಲಿ ಐದು ಮುಚ್ಚಿಹೋಗಿ, ಹೊವರ್ಡ್ ಮತ್ತು ಮೆಹಾರಿಗಳೆರಡೇ ಉಳಿದುವು. ಮುಂದೆ ಹಲವು ದಶಕಗಳವರೆಗೆ ಕಪ್ಪು ವೈದ್ಯರಲ್ಲಿ ಬಹುಪಾಲು ಈ ಎರಡು ಬಾಗಿಲುಗಳಿಂದಲೇ ಹೊರಬರಬೇಕಾಯಿತು. ಇವರ ರೋಗಿಗಳೂ ಕಕ್ಷಿದಾರರೂ ಕಪ್ಪುಜನರೇ. ಅಂತ್ಯಕ್ರಿಯೆಯ ಏರ್ಪಾಡು ಮಾಡುವವನು ಕೂಡ ಊರಿನ ಗಣ್ಯರಲ್ಲೊಬ್ಬನಾದನು. ಏಕೆಂದರೆ ಕಪ್ಪು ಹೆಣವನ್ನು ಮುಟ್ಟುವುದಕ್ಕೆ ಬಿಳಿಯ ವ್ಯಾಪಾರಿ ಬರುತ್ತಿರಲಿಲ್ಲ. ಭೇದನೀತಿಯೇ ಈ ವರ್ಗದ ಅನ್ನವಾಗಿತ್ತು, ಭೇದನೀತಿಯೇ ಅದರ ಗೋಡೆಯಾಗಿತ್ತು.

ಈ ವಿದ್ಯಾಶಾಲೆಗಳಲ್ಲಿ ಉತ್ತರದಿಂದ ಬಂದ ಮಿಶನರಿ ಅಧ್ಯಾಪಕರು ಲ್ಯಾಟಿನ್ ಕಲಿಸಿದರು, ಗ್ರೀಕ್ ಕಲಿಸಿದರು, ಯುರೋಪಿನ ವೃಂದಗಾನವನ್ನು ಕಲಿಸಿದರು. ನಿನ್ನೆ ಮೊನ್ನೆಯವರೆಗೆ ಅಕ್ಷರ ಕಲಿತರೆ ಚಾಟಿಯೇಟು ತಿನ್ನಬೇಕಾಗಿದ್ದ ಜನರ ಮಕ್ಕಳು ಅದನ್ನೆಲ್ಲ ಹಸಿದವರಂತೆ ಕಲಿತರು. ಇಲ್ಲಿ ಫಿಸ್ಕ್ ಗಾಯಕರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

1871ರ ಹೊತ್ತಿಗೆ ಫಿಸ್ಕ್ ವಿದ್ಯಾಶಾಲೆ ಸಾಲದಲ್ಲಿ ಮುಳುಗಿತ್ತು. ಅದರ ಖಜಾಂಚಿಯೂ ಸಂಗೀತದ ಮೇಷ್ಟರೂ ಆಗಿದ್ದ ಜಾರ್ಜ್ ವೈಟ್ ಒಂಬತ್ತು ಮಂದಿ ವಿದ್ಯಾರ್ಥಿಗಳನ್ನು ಕೂಡಿಸಿಕೊಂಡು ಅಕ್ಟೋಬರ್ ತಿಂಗಳಲ್ಲಿ ಹಣಸಂಗ್ರಹಕ್ಕಾಗಿ ಉತ್ತರದ ಕಡೆ ಹೊರಟನು. ಹಾಡುವವರಲ್ಲಿ ಹೆಚ್ಚಿನವರು ಗುಲಾಮಗಿರಿಯಲ್ಲಿಯೇ ಹುಟ್ಟಿದವರು. ಕಾರ್ಯಕ್ರಮದಲ್ಲಿ ಇದ್ದುದು ಬಹುಮಟ್ಟಿಗೆ ಬಿಳಿಯರ ಕಛೇರಿಗಳಲ್ಲಿ ಹಾಡುತ್ತಿದ್ದ ಹಾಡುಗಳೇ. ತಮ್ಮ ತಂದೆತಾಯಿಗಳು ಹೊಲಗಳಲ್ಲಿ, ಗುಡಿಸಲುಗಳಲ್ಲಿ, ಬೇಟೆನಾಯಿಗಳ ಕಿವಿಗೆ ಬೀಳದಂತೆ ಹಾಡಿಕೊಂಡ ‘ಸ್ಪಿರಿಚುಯಲ್’ ಎಂಬ ಭಕ್ತಿಗೀತಗಳನ್ನು ಇವರು ತಾವು ತಾವೇ ಇದ್ದಾಗ, ಬಾಗಿಲು ಮುಚ್ಚಿಕೊಂಡು ಹಾಡಿಕೊಳ್ಳುತ್ತಿದ್ದರು. ಸಭೆಯ ಮುಂದೆ ಹಾಡಲು ಹಿಂಜರಿಕೆ. ಆ ತಂಡದ ಎಲಾ ಶೆಪರ್ಡ್ ಎಂಬಾಕೆ ಮುಂದೆ ಇದರ ಕಾರಣವನ್ನು ಬರೆದಿಟ್ಟಿದ್ದಾಳೆ. ಆ ಹಾಡುಗಳು ದಾಸ್ಯದ ಕತ್ತಲೆಯೊಡನೆ ಕೂಡಿಕೊಂಡವು, ಆದ್ದರಿಂದ ನಾಚಿಕೆ. ಹೆತ್ತವರ ಪಾಲಿಗೆ ಪೂಜ್ಯವಾದವು, ಆದ್ದರಿಂದ ಬೀದಿಗೆ ತರಬಾರದೆಂಬ ಭಾವನೆ. ನಾಚಿಕೆ, ಪೂಜ್ಯತೆ ಎರಡೂ ಒಂದೇ ಹಾಡಿನಲ್ಲಿ! ಇದರ ಜೊತೆಗೆ ಇನ್ನೊಂದು ಹೇಸಿಕೆಯೂ ಇತ್ತು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪುಜನರ ಹಾಡು ಕುಣಿತಗಳನ್ನು ಅಣಕಿಸುವ ‘ಮಿನ್‌ಸ್ಟ್ರೆಲ್’ ಎಂಬ ಹಗರಣದಾಟ ಆಗ ಅಮೆರಿಕೆಯಲ್ಲೆಲ್ಲ ಜನಪ್ರಿಯವಾಗಿತ್ತು. ಓದಿದ ಕಪ್ಪು ಯುವಕ ಸಭೆಯೆದುರು ತನ್ನ ಜನದ ಹಾಡೊಂದನ್ನು ಎತ್ತಿಕೊಂಡರೆ ಕೇಳುವವನ ಕಣ್ಣಿಗೆ ಕಾಣುವುದು ಆ ಮಸಿಮುಖವೇ ಆಗಬಹುದೆಂಬ ಭಯ ಸುಳ್ಳಾಗಿರಲಿಲ್ಲ.

ಪ್ರವಾಸದ ಮೊದಲ ವಾರಗಳು ಕಷ್ಟದಲ್ಲಿ ಕಳೆದುವು. ಹೊಟೆಲುಗಳು ಇರಗೊಡಲಿಲ್ಲ, ತಟ್ಟೆಗೆ ಕಾಸು ಬೀಳಲಿಲ್ಲ. ನವೆಂಬರಿನಲ್ಲಿ ಒಬರ್ಲಿನ್ ಎಂಬ ಊರಿನಲ್ಲಿ ಪಾದ್ರಿಗಳ ಮಹಾಸಭೆಯೊಂದು ಸೇರಿತ್ತು. ಅಲ್ಲಿ ಇವರು ಗುಲಾಮರ ಹಾಡೊಂದನ್ನು ಮೆಲ್ಲನೆ ಎತ್ತಿಕೊಂಡರು. ಸಭೆ ಸ್ತಬ್ಧವಾಯಿತು. ಅಂದಿನಿಂದ ಕಾರ್ಯಕ್ರಮ ತಲೆಕೆಳಗಾಯಿತು. ಮುಚ್ಚಿಟ್ಟದ್ದು ಮುಂದಕ್ಕೆ ಬಂತು. 1873ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯ ರಾಣಿಯ ಮುಂದೆ ಹಾಡಿದರು. ಅವರು ತಂದ ಹಣದಿಂದ ಕಟ್ಟಿದ ಜುಬಿಲಿ ಹಾಲ್ ಎಂಬ ಭವ್ಯಮಂದಿರ ನ್ಯಾಶ್ವಿಲ್ಲಿನಲ್ಲಿ ಇಂದಿಗೂ ನಿಂತಿದೆ. ನಾಚಿಕೆಪಟ್ಟ ಹಾಡೇ ಲ್ಯಾಟಿನ್ ಕಲಿಸುವ ಮನೆಯನ್ನು ಕಟ್ಟಿಕೊಟ್ಟಿತು. ಆದರೆ ಒಂದು ಮಾತನ್ನು ಮರೆಯಬಾರದು. ಆ ಹಾಡುಗಳು ವೇದಿಕೆಗೆ ಏರಿದಾಗ ತಮ್ಮ ಮೈಯ ಕೆಸರನ್ನು ತೊಳೆದುಕೊಂಡೇ ಏರಿದುವು. ಕುಣಿತ ಹೋಯಿತು, ಕೂಗು ಹೋಯಿತು, ಚಪ್ಪಾಳೆ ಹೋಯಿತು; ನಾಲ್ಕು ಸ್ವರಶ್ರೇಣಿಗಳ ಶಿಸ್ತಿನ ವೃಂದಗಾನ ಉಳಿಯಿತು. ಅದು ನಷ್ಟವೆ, ಲಾಭವೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಕಲೆಯ ದೃಷ್ಟಿಯಿಂದ ಎರಡೂ ಹೌದೆಂದು ನನ್ನ ಅಭಿಪ್ರಾಯ.

ಇದೇ ಫಿಸ್ಕ್ ವಿದ್ಯಾಶಾಲೆಯಲ್ಲಿ ಓದಿದವರಲ್ಲಿ ಡಬ್ಲ್ಯು. ಇ. ಬಿ. ಡುಬಾಯ್ಸ್ ಒಬ್ಬರು. ಹಾರ್ವರ್ಡಿನಲ್ಲಿ, ಅನಂತರ 1892ರಿಂದ ಎರಡು ವರ್ಷ ಬರ್ಲಿನ್ನಿನಲ್ಲಿ ವ್ಯಾಸಂಗ ಮಾಡಿ ಬಂದ ಈ ವಿದ್ವಾಂಸರು 1903ರಲ್ಲಿ ಪ್ರಕಟಿಸಿದ ‘ಕಪ್ಪುಜನರ ಆತ್ಮಗಳು’ ಎಂಬ ಅರ್ಥದ ಹೆಸರಿನ ಗ್ರಂಥವನ್ನು ತೆರೆದರೆ, ಹೆಚ್ಚುಕಡಿಮೆ ಪ್ರತಿಯೊಂದು ಅಧ್ಯಾಯದ ನೆತ್ತಿಯ ಮೇಲೂ ಪಾಶ್ಚಾತ್ಯ ಕಾವ್ಯದ ಕೆಲವು ಪಂಕ್ತಿಗಳಿವೆ. ಅವುಗಳ ಕೆಳಗೆ ಗುಲಾಮರ ಶೋಕಗೀತವೊಂದರ ಸ್ವರಲಿಪಿ ಇದೆ, ಹಾಡಿನ ಮಾತುಗಳಿಲ್ಲದೆ. ಎರಡನ್ನೂ ಒಂದೇ ಪುಟದಲ್ಲಿ ಕೂರಿಸಿದುದೇ ಅವರ ವಾದ. ವಿವರಿಸುವ ಗೋಜಿಗೆ ಅವರು ಹೋಗಲಿಲ್ಲ.

ಆ ಗ್ರಂಥದಲ್ಲಿ ಒಂದೇ ಒಂದು ಕಥೆಯಿದೆ. ದಕ್ಷಿಣದ ಹಳ್ಳಿಯ ಜಾನ್ ಎಂಬ ಕಪ್ಪು ಹುಡುಗ ಓದಲು ಹೋಗುತ್ತಾನೆ. ಒಮ್ಮೆ ನ್ಯೂಯಾರ್ಕಿನಲ್ಲಿ ಜನರ ಹಿಂದೆ ಹಿಂದೆಯೇ ನಡೆದು ನಾಟಕಶಾಲೆಯೊಂದನ್ನು ಹೊಗುತ್ತಾನೆ. ವಾಗ್ನರನ ‘ಲೋಹೆನ್‌ಗ್ರಿನ್’ ಗೀತನಾಟಕ ನಡೆಯುತ್ತಿದೆ. ಹಂಸದ ಆ ಸಂಗೀತದಲ್ಲಿ ಜಾನ್ ಮೈಮರೆತು ಹೋಗುತ್ತಾನೆ. ತಾನು ಎಲ್ಲಿರುವೆನೆಂಬುದೇ ತಿಳಿಯದು. ಅಷ್ಟರಲ್ಲಿ ಯಾರೋ ಭುಜವನ್ನು ಮೃದುವಾಗಿ ತಟ್ಟುತ್ತಾರೆ. ಪಕ್ಕದ ಬಿಳಿಯ ತರುಣ ದೂರು ಕೊಟ್ಟಿದ್ದಾನೆ. ವ್ಯವಸ್ಥಾಪಕರು ಬಹು ವಿನಯದಿಂದ, ಆ ಆಸನ ಮೊದಲೇ ಮಾರಾಟವಾಗಿತ್ತೆಂದು ಹೇಳಿ ಹಣವನ್ನು ಹಿಂದಿರುಗಿಸಲು ಮುಂದಾಗುತ್ತಾರೆ. ದೂರು ಕೊಟ್ಟವನು ಇವನ ಊರಿನ ನ್ಯಾಯಾಧೀಶನ ಮಗ, ಬಾಲ್ಯದಲ್ಲಿ ಕೂಡಿ ಆಡಿದವನು. ಅವನ ಹೆಸರೂ ಜಾನ್!

ಈ ಕಥೆಯನ್ನು ಓದುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಮುಂದಿನ ಭಾಗವೇ ಹೆಚ್ಚು ನೋವಿನದು. ಜಾನ್ ಹಳ್ಳಿಗೆ ಹಿಂದಿರುಗಿ ತನ್ನವರ ದೇವಾಲಯದಲ್ಲಿ ಭಾಷಣ ಮಾಡುತ್ತಾನೆ, ಯಾರಿಗೂ ಅರ್ಥವಾಗುವುದಿಲ್ಲ. ಅವನ ಮಾತು ಅವರಿಗೆ ತಣ್ಣಗೆ, ಪರಕೀಯವಾಗಿ ಕೇಳುತ್ತದೆ. ವಾಗ್ನರನನ್ನು ಸವಿಯಬಲ್ಲ ಕಿವಿ ಅವನನ್ನು ಬಿಳಿಯರ ನಡುವೆ ಕೂರಿಸಲಿಲ್ಲ. ತನ್ನವರ ನಡುವೆಯೂ ಅವನಿಗೆ ಜಾಗ ಉಳಿಸಲಿಲ್ಲ. ತಂಗಿಯ ಮಾನಕ್ಕೆ ಕೈಹಾಕಿದ ಆ ಇನ್ನೊಬ್ಬ ಜಾನನನ್ನು ಕೊಂದು, ಕೊಲ್ಲಲು ಬರುತ್ತಿರುವ ಗುಂಪಿಗಾಗಿ ಕಾಯುತ್ತ ಕುಳಿತಾಗ ಅವನ ತುಟಿಯ ಮೇಲಿರುವುದು ಅದೇ ಗೀತನಾಟಕದ ಮದುವೆಯ ಹಾಡು. ಅಲ್ಲಿ ಅದು ರಹದಾರಿಯಲ್ಲ. ತೋರಿಸುವುದಕ್ಕೆ ಎದುರಿಗೆ ಯಾರೂ ಇಲ್ಲ. ಅದು ಅವನದೇ ಸಂಗೀತ. ಡುಬಾಯ್ಸರು ಈ ಪ್ರೀತಿಯನ್ನು ಕಡೆಯವರೆಗೆ ಬಿಡಲಿಲ್ಲ. 1936ರಲ್ಲಿ, ಅಂದರೆ ಹಿಟ್ಲರನ ಆಳ್ವಿಕೆಯಲ್ಲಿ, ಬೈರಾಯ್ಟಿಗೆ ಹೋಗಿ ವಾಗ್ನರನ ಉತ್ಸವದಲ್ಲಿ ಕುಳಿತು ಕೇಳಿದರು. ತಮ್ಮೊಡನೆ ಅಲ್ಲಿಯವರು ಮರ್ಯಾದೆಯಿಂದ ನಡೆದುಕೊಂಡುದನ್ನೂ, ಯಹೂದ್ಯರಿಗೆ ಅಲ್ಲಿ ನಡೆಯುತ್ತಿದ್ದ ಹಿಂಸೆಯನ್ನೂ ಒಟ್ಟಿಗೆ ಬರೆದು ತಮ್ಮ ಜನರ ಪತ್ರಿಕೆಗೆ ಕಳುಹಿದರು. ಕಪ್ಪು ಓದುಗರಲ್ಲಿ ಕೆಲವರಿಗಾದರೂ, ನಮಗೇಕಪ್ಪಾ ಈ ಗೀತನಾಟಕ, ಎನ್ನಿಸಿದ್ದರೆ ಆಶ್ಚರ್ಯವಿಲ್ಲ.

ಇಷ್ಟರಲ್ಲಿ ಕಾಲ ಬದಲಾಗಿತ್ತು. ಮೊದಲನೆಯ ಮಹಾಯುದ್ಧದ ಸುಮಾರಿಗೆ ದಕ್ಷಿಣದ ಹೊಲಗಳಿಂದ ಲಕ್ಷಾಂತರ ಕಪ್ಪುಜನ ಚಿಕಾಗೊ, ಫಿಲಡೆಲ್ಫಿಯ, ನ್ಯೂಯಾರ್ಕುಗಳಿಗೆ ವಲಸೆ ಬಂದರು. ಮೊದಲೇ ಅಲ್ಲಿ ನೆಲಸಿದ್ದ ಓದಿದ ಮನೆಗಳವರಿಗೆ ಇದು ಸಂತೋಷಕ್ಕಿಂತ ಹೆಚ್ಚಾಗಿ ದಿಗಿಲನ್ನು ತಂದಿತು. ‘ಚಿಕಾಗೊ ಡಿಫೆಂಡರ್’ ಎಂಬ ಕಪ್ಪುಜನರ ಪತ್ರಿಕೆ ಒಂದು ಕಡೆ ಹಳ್ಳಿಗರನ್ನು ಉತ್ತರಕ್ಕೆ ಬನ್ನಿರೆಂದು ಕರೆಯಿತು. ಇನ್ನೊಂದು ಕಡೆ ಬಂದವರಿಗೆ ಬುದ್ಧಿವಾದದ ಪಟ್ಟಿಗಳನ್ನು ಅಚ್ಚುಹಾಕಿತು. ಟ್ರಾಮಿನಲ್ಲಿ ಗಟ್ಟಿಯಾಗಿ ಮಾತನಾಡಬೇಡಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬೀದಿಗೆ ಬರಬೇಡಿ ಎಂಬಂಥವು. ಇದನ್ನು ಬರಿಯ ಡಂಭವೆಂದು ನಕ್ಕುಬಿಡುವುದು ಸುಲಭ. ಆದರೆ ಆ ನಗರಗಳಲ್ಲಿ ಕಪ್ಪುಜನರಿಗೆ ಮನೆ ಮಾರಕೂಡದೆಂಬ ಕರಾರುಪತ್ರಗಳು ಇದ್ದುವು. 1948ರವರೆಗೆ ನ್ಯಾಯಾಲಯಗಳು ಅವನ್ನು ಎತ್ತಿಹಿಡಿಯುತ್ತಿದ್ದುವು. ಹಣವಿದ್ದ ವೈದ್ಯನೂ ಬಟ್ಟೆ ಒಗೆದು ಬದುಕುವ ವಿಧವೆಯೂ ಒಂದೇ ಬೀದಿಯಲ್ಲಿ ಇರಬೇಕಾಗಿತ್ತು. ಬಿಳಿಯ ವೈದ್ಯ ತನ್ನ ಅಂತಸ್ತನ್ನು ತೋರಿಸಲು ಊರಾಚೆ ಬಂಗಲೆ ಕಟ್ಟಿಕೊಳ್ಳಬಲ್ಲ. ಕಪ್ಪು ವೈದ್ಯನಿಗೆ ಆ ದಾರಿಯಿಲ್ಲ. ನೆಲದಲ್ಲಿ ಹಾಕಲಾಗದ ದೂರವನ್ನು ಆತ ನಡೆನುಡಿಯಲ್ಲಿ ಹಾಕಿಕೊಂಡ. ಪಿಯಾನೊದಲ್ಲಿ, ಮೇಜಿನ ಮೇಲಣ ಬಟ್ಟೆಯಲ್ಲಿ, ದೇವಾಲಯದಲ್ಲಿ ಹಾಡಿಸುವ ಹಾಡಿನಲ್ಲಿ ಹಾಕಿಕೊಂಡ. ಡ್ರೇಕ್ ಮತ್ತು ಕೇಟನ್ ಎಂಬ ವಿದ್ವಾಂಸರು 1945ರಲ್ಲಿ ಚಿಕಾಗೊದ ಕಪ್ಪುಕೇರಿಯನ್ನು ಕುರಿತು ಬರೆದ ಮಹಾಗ್ರಂಥದಲ್ಲಿ, ಅಲ್ಲಿ ಅಂತಸ್ತನ್ನು ತೀರ್ಮಾನಿಸುತ್ತಿದ್ದುದು ವರಮಾನಕ್ಕಿಂತ ಹೆಚ್ಚಾಗಿ ವಿದ್ಯೆ ಮತ್ತು ನಡವಳಿಕೆ ಎಂಬುದನ್ನು ತೋರಿಸಿಕೊಟ್ಟಿದ್ದಾರೆ.

ಈ ದೂರವನ್ನು ಮೊದಲು ಕಟುವಾಗಿ ಎತ್ತಿ ಆಡಿದವನು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್. 1926ರಲ್ಲಿ ‘ನೇಶನ್’ ಪತ್ರಿಕೆಯಲ್ಲಿ ಪ್ರಕಟವಾದ ಅವನ ಪ್ರಬಂಧದಲ್ಲಿ ಫಿಲಡೆಲ್ಫಿಯದ ಗಣ್ಯ ಮಹಿಳೆಯೊಬ್ಬಳ ಪ್ರಸ್ತಾಪವಿದೆ. ಸ್ಪೇನಿನಿಂದ ಬಂದ ರಾಕೆಲ್ ಮೆಲ್ಲೆರ್ ಎಂಬ ಗಾಯಕಿಯ ಬಾಯಲ್ಲಿ ಆಂಡಲೂಸಿಯದ ಜನಪದ ಗೀತಗಳನ್ನು ಕೇಳಲು ಆಕೆ ಹನ್ನೊಂದು ಡಾಲರು ತೆತ್ತಳಂತೆ. ಕೆಲವೇ ವಾರಗಳ ಹಿಂದೆ, ತನ್ನದೇ ಜನದ ಹಾಡುಗಳನ್ನು ಹಾಡುವ ಕ್ಲಾರಾ ಸ್ಮಿತ್‌ಳ ಕಛೇರಿಗೆ ಹೋಗುವುದೇ ಎಂದು ಮೂಗು ಮುರಿದಿದ್ದವಳು ಆಕೆಯೇ. ಪರದೇಶದ ರೈತನ ಹಾಡು ಕಲೆ, ತನ್ನೂರಿನ ಕೂಲಿಯ ಹಾಡು ಅಪಮಾನ! ಹ್ಯೂಸ್ ಹೊರಗಿನವನಲ್ಲ ಎಂಬುದನ್ನು ಗಮನಿಸಬೇಕು. ಅವನ ಅಜ್ಜನ ತಮ್ಮ ಜಾನ್ ಮರ್ಸರ್ ಲ್ಯಾಂಗ್‌ಸ್ಟನ್ ಹೊವರ್ಡ್ ನ್ಯಾಯಶಾಲೆಯ ಮೊದಲ ಮುಖ್ಯಸ್ಥ, ಅಮೆರಿಕೆಯ ಕಾಂಗ್ರೆಸ್ಸಿನ ಸದಸ್ಯ. ಒಳಮನೆಯ ಮಗನೇ ಮನೆಯ ಗುಟ್ಟನ್ನು ಹೊರಗೆ ಹಾಕಿದ. (ಹ್ಯೂಸನೂ ಅವನ ಕಾಲದವರೂ ತಮ್ಮನ್ನು ‘ನೀಗ್ರೋ’ ಎಂದೇ ಹೆಮ್ಮೆಯಿಂದ ಕರೆದುಕೊಂಡರು, ಆ ಹೆಸರಿನ ಕಾಲ ಮುಗಿದಿರುವುದರಿಂದ ಇಲ್ಲಿ ಬಳಸಿಲ್ಲ.)

ಆದರೆ ಆ ಫಿಲಡೆಲ್ಫಿಯದ ಮಹಿಳೆಯ ಪಕ್ಷದಲ್ಲಿ ಹೇಳಬಹುದಾದ ಮಾತೊಂದಿದೆ. ಅದನ್ನು ಹ್ಯೂಸನ ಬಾಳೇ ಹೇಳಿಕೊಟ್ಟಿತು. ಪ್ರಬಂಧ ಬಂದ ಮರುವರ್ಷ ನ್ಯೂಯಾರ್ಕಿನ ಶ್ರೀಮಂತ ಬಿಳಿಯ ವೃದ್ಧೆಯೊಬ್ಬಳು, ಷಾರ್ಲಟ್ ಮೇಸನ್ ಎಂಬಾಕೆ, ಅವನ ಪೋಷಕಿಯಾದಳು. ತಿಂಗಳು ತಿಂಗಳು ಹಣ ಕೊಟ್ಟಳು. ಆದರೆ ಅವನ ಬರವಣಿಗೆಯಲ್ಲಿ ಆಕೆಗೆ ಬೇಕಾಗಿದ್ದುದು ಆಫ್ರಿಕದ ಕಾಡಿನ ಆದಿಮ ನಾದ. ತನ್ನೆದೆಯಲ್ಲಿ ಅಂಥ ನಾದವೇನೂ ಮಿಡಿಯುತ್ತಿಲ್ಲ, ತಾನು ಅಮೆರಿಕೆಯ ಊರುಗಳಲ್ಲಿ ಬೆಳೆದ ಮನುಷ್ಯ ಎಂಬುದು ಹ್ಯೂಸನಿಗೆ ಗೊತ್ತಿತ್ತು. 1930ರಲ್ಲಿ ಸಂಬಂಧ ಮುರಿದುಬಿತ್ತು. ಆ ಆಘಾತದಿಂದ ತಾನು ಕಾಯಿಲೆಬಿದ್ದುದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಹೀಗಿತ್ತು ಇಕ್ಕಟ್ಟು. ಕಪ್ಪು ವಕೀಲ ಷೂಬರ್ಟನನ್ನು ಕೇಳಿದರೆ ಅನುಕರಣೆಯೆನ್ನುವರು. ಬ್ಲೂಸ್ ಕೇಳಿದರೆ, ಎಷ್ಟಾದರೂ ರಕ್ತಗುಣ ಎನ್ನುವರು. ‘ಇದು ನನಗೆ ಚೆನ್ನಾಗಿ ಕಂಡಿತು’ ಎಂದಷ್ಟೆ ಹೇಳುವ ಸ್ವಾತಂತ್ರ್ಯ ಎರಡು ಕಡೆಯಲ್ಲಿಯೂ ಇಲ್ಲ. ಬಿಳಿಯನು ಸಂಜೆ ಹಾರ್ಲೆಮ್ಮಿಗೆ ಹೋಗಿ ಜಾಸ್ ಕೇಳಿ ಬಂದರೆ ಅವನ ಜಾತಿಯನ್ನು ಕುರಿತು ಯಾರೂ ಏನನ್ನೂ ತೀರ್ಮಾನಿಸುತ್ತಿರಲಿಲ್ಲ.

ಇದನ್ನು ಎಲ್ಲರಿಗಿಂತ ಶಾಂತವಾಗಿ ಬಿಡಿಸಿಕೊಂಡವಳು ಅದೇ ಫಿಲಡೆಲ್ಫಿಯದ ಮರಿಯನ್ ಆಂಡರ್ಸನ್. ಆಕೆ ವೃತ್ತಿವಂತರ ಮನೆಯ ಮಗಳಲ್ಲ. ತಂದೆ ಮಂಜುಗಡ್ಡೆ, ಕಲ್ಲಿದ್ದಲು ಮಾರುತ್ತಿದ್ದವನು. ಊರಿನ ಸಂಗೀತಶಾಲೆಯೊಂದು ಬಣ್ಣದ ಕಾರಣದಿಂದ ಬಾಗಿಲು ಮುಚ್ಚಿದಾಗ, ಆಕೆಯ ಶಿಕ್ಷಣಕ್ಕೆ ಹಣ ಕೂಡಿಸಿಕೊಟ್ಟವರು ಚರ್ಚಿನ ಕಪ್ಪು ಭಕ್ತರು. ಆಕೆಯ ಕಛೇರಿಗಳಲ್ಲಿ ಮೊದಲು ಷೂಬರ್ಟ್, ಬ್ರಾಮ್ಸ್. ಕೊನೆಗೆ ಗುಲಾಮರ ಭಕ್ತಿಗೀತಗಳು. ಒಂದಕ್ಕೆ ಒಂದು ಧ್ವನಿ, ಇನ್ನೊಂದಕ್ಕೆ ಇನ್ನೊಂದು ಎಂಬುದಿಲ್ಲ. 1939ರಲ್ಲಿ ವಾಷಿಂಗ್ಟನ್ನಿನ ಸಭಾಭವನವೊಂದು ಆಕೆಗೆ ನಿರಾಕರಿಸಲ್ಪಟ್ಟು, ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ 75,000 ಜನರೆದುರು ಹಾಡಿದಳಲ್ಲ, ಅಂದು ಕೂಡ ಇಟಾಲಿಯನ್ ಗೀತನಾಟಕದ ಹಾಡು, ಷೂಬರ್ಟನ ಪ್ರಾರ್ಥನೆ, ಆಮೇಲೆ ಭಕ್ತಿಗೀತಗಳು.

ನಮ್ಮ ದೇಶಕ್ಕೂ ಈ ಹಾಡುಗಳ ಒಂದು ನಂಟಿದೆ. 1936ರ ಫೆಬ್ರವರಿಯಲ್ಲಿ ಹೊವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹೊವರ್ಡ್ ಥರ್ಮನ್ ತಮ್ಮ ಪತ್ನಿಯೊಡನೆ ಬಾರ್ಡೋಲಿಯಲ್ಲಿ ಗಾಂಧೀಜಿಯವರನ್ನು ಕಂಡರು. ಮಾತುಕತೆ ಮುಗಿಯುವ ಹೊತ್ತಿಗೆ ಗಾಂಧೀಜಿ ಅವರಿಂದ ಕೇಳಬಯಸಿದುದು ಯೇಸುವಿನ ಶೂಲಾರೋಹಣವನ್ನು ಕುರಿತ ಗುಲಾಮರ ಭಕ್ತಿಗೀತವನ್ನು. ಡೇರೆಯಲ್ಲಿ ಕುಳಿತು ಅವರು ಹಾಡಿದರು. ಥರ್ಮನರನ್ನು ಬೆಳೆಸಿದ ಅಜ್ಜಿ ಗುಲಾಮಳಾಗಿದ್ದವಳು. ಅವರಿಗೆ ಆ ಹಾಡು ಗ್ರಂಥದಿಂದ ಬಂದುದಲ್ಲ. ಅವರು ಮುಂದೆ ಈ ಭಕ್ತಿಗೀತಗಳ ಮೇಲೆಯೇ ಗಂಭೀರವಾದ ಪುಸ್ತಕಗಳನ್ನು ಬರೆದರು. ಫಿಸ್ಕ್ ಮಕ್ಕಳು ಬಾಗಿಲು ಮುಚ್ಚಿಕೊಂಡು ಹಾಡಿದ್ದು ಅರುವತ್ತೈದು ವರ್ಷಗಳ ತರುವಾಯ ಗುಜರಾತಿನ ಬಯಲಿನಲ್ಲಿ ಬಾಗಿಲಿಲ್ಲದೆ ಕೇಳಿಸಿತು.

ಹೊವರ್ಡಿನ ಇನ್ನೊಬ್ಬ ಪ್ರಾಧ್ಯಾಪಕರಿಗೆ ಮಾತ್ರ ತಮ್ಮ ವರ್ಗದ ಮೇಲೆ ತಾಳ್ಮೆಯಿರಲಿಲ್ಲ. ಅಮೆರಿಕೆಯ ಸಮಾಜಶಾಸ್ತ್ರಜ್ಞರ ಸಂಘಕ್ಕೆ 1948ರಲ್ಲಿ ಅಧ್ಯಕ್ಷರಾದ ಮೊದಲ ಕಪ್ಪು ವಿದ್ವಾಂಸ ಇ. ಫ್ರ್ಯಾಂಕ್ಲಿನ್ ಫ್ರೇಜಿಯರ್, ‘ಕಪ್ಪು ಬೂರ್ಜ್ವಾ’ ಎಂಬ ಗ್ರಂಥವನ್ನು ಮೊದಲು 1955ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚಿನಲ್ಲಿಯೂ, 1957ರಲ್ಲಿ ಇಂಗ್ಲಿಷಿನಲ್ಲಿಯೂ ಹೊರತಂದರು. ಈ ಜನ ತಮ್ಮ ಹಳ್ಳಿಯ ಬೇರನ್ನು ಕಿತ್ತುಕೊಂಡರು, ಬಿಳಿಯರು ಒಳಗೆ ಬಿಟ್ಟುಕೊಳ್ಳಲಿಲ್ಲ. ಆದ್ದರಿಂದ ಔತಣ, ನೃತ್ಯಕೂಟ, ಕಾರು, ಉಣ್ಣೆಯುಡುಪುಗಳ ಒಂದು ಹುಸಿ ಜಗತ್ತನ್ನು ಕಟ್ಟಿಕೊಂಡು ಅದರಲ್ಲಿ ವಾಸಿಸುತ್ತಿದ್ದಾರೆ ಎಂಬುದು ಅವರ ಆರೋಪ. ಕೋಪಗೊಳ್ಳದವರು ಕಡಮೆ. ಫ್ರೇಜಿಯರರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಅವರ ಗ್ರಂಥವನ್ನು ಮುಚ್ಚಿಟ್ಟ ಮೇಲೆ ಒಂದು ಅಸಮಾಧಾನ ಉಳಿಯುತ್ತದೆ. ಇಡೀ ವರ್ಗದ ಬೈಠಕ್‌ಖಾನೆಯನ್ನು ಅವರು ಬೀದಿಯ ಕಿಟಕಿಯಿಂದ ನೋಡಿದರು. ರಾತ್ರಿ ಅತಿಥಿಗಳು ಹೋದ ಬಳಿಕ ಆ ಪಿಯಾನೊವನ್ನು ಮನೆಯ ಮಗಳು ತನಗಾಗಿ ನುಡಿಸುತ್ತಿದ್ದಳೋ ಇಲ್ಲವೋ, ಅಲ್ಲಿಂದ ಕೇಳಿಸುವುದಿಲ್ಲ.

ಆ ಮಗಳ ಮಾತನ್ನು ಕೇಳಿಸಿದವಳು ಲೊರೈನ್ ಹ್ಯಾನ್ಸ್‌ಬರಿ. ಅವಳ ತಂದೆ ಚಿಕಾಗೊದಲ್ಲಿ ಮನೆ-ನಿವೇಶನಗಳ ವ್ಯಾಪಾರಿ. 1937ರಲ್ಲಿ ಬಿಳಿಯರ ಕೇರಿಯಲ್ಲಿ ಮನೆ ಕೊಂಡು, 1940ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋರಾಡಿ ಗೆದ್ದವನು. ಆಕೆಯ ‘ಎ ರೇಸಿನ್ ಇನ್ ದಿ ಸನ್’ ನಾಟಕ 1959ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂತು. ಅದರಲ್ಲಿ ವೈದ್ಯೆಯಾಗಬೇಕೆಂದಿರುವ ಬೆನೀತಾ ಎಂಬ ಹುಡುಗಿ ಆಫ್ರಿಕದ ಉಡುಪನ್ನುಟ್ಟು ಕುಣಿಯುತ್ತಾಳೆ. ನೇರಮಾಡಿಸಿದ ಕೂದಲನ್ನು ಕತ್ತರಿಸಿ ಹುಟ್ಟುಗುಂಗುರನ್ನು ಉಳಿಸಿಕೊಳ್ಳುತ್ತಾಳೆ. ಅವಳನ್ನು ನಾಟಕಕ್ಕೆ ಕರೆದೊಯ್ಯಲು ಬಂದ ಸಿರಿವಂತರ ಮಗ ಜಾರ್ಜ್ ಇದನ್ನು ಕಂಡು ಗೇಲಿ ಮಾಡುತ್ತಾನೆ. ಅವಳ ಅಣ್ಣ, ಬಿಳಿಯ ದೊರೆಯ ಕಾರು ನಡೆಸುವವನು, ಜಾರ್ಜನ ಬಿಳಿಯ ಬೂಟುಗಳನ್ನು ಕಂಡು ಹಲ್ಲು ಕಡಿಯುತ್ತಾನೆ. ಅಗ್ಗದ ಬಾಡಿಗೆಮನೆಯ ಒಂದು ಕೋಣೆಯೊಳಗೆ ಉಡುಪು, ಕೂದಲು, ಬೂಟು ಈ ಮೂರರ ಮೇಲೆ ಒಂದು ಜನಾಂಗದ ಒಳಜಗಳವನ್ನೆಲ್ಲ ನಿಲ್ಲಿಸಿದ ಈ ದೃಶ್ಯದಷ್ಟು ಸಮಾಜಶಾಸ್ತ್ರ ಹೇಳಲಾರದು. ಬೆನೀತಾಳ ಆಫ್ರಿಕ ಕೂಡ ಅರ್ಧ ಹುಡುಗಾಟವೆಂಬುದನ್ನು ಲೇಖಕಿ ಮರೆಮಾಚುವುದಿಲ್ಲ.

1964 ಮತ್ತು 1965ರ ಕಾನೂನುಗಳ ನಂತರ ಬಾಗಿಲುಗಳು ತೆರೆದುವು. ವೃತ್ತಿವಂತರ ವರ್ಗ ದೊಡ್ಡದಾಯಿತು. ಡಿಮ್ಯಾಜಿಯೊ, ಓಸ್ಟ್ರೋವರ್ ಎಂಬಿಬ್ಬರು 1990ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಿದ್ಯೆ ಅಂತಸ್ತುಗಳನ್ನು ಲೆಕ್ಕಕ್ಕೆ ಹಿಡಿದರೆ ಯುರೋಪಿನ ಶಾಸ್ತ್ರೀಯ ಕಲೆಗಳಲ್ಲಿ ಕಪ್ಪುಜನಕ್ಕೂ ಬಿಳಿಯರಿಗೂ ಇರುವ ಅಂತರ ಕಿರಿದು. ಜಾಸ್, ಬ್ಲೂಸ್‌ಗಳಲ್ಲಿ ಕಪ್ಪುಜನರ ಆಸಕ್ತಿ ಹೆಚ್ಚು. ಅಂದರೆ ಆಂಡರ್ಸನ್ನಳ ಕಾರ್ಯಕ್ರಮಪಟ್ಟಿಯೇ ಅನೇಕರ ಮನೆಯ ಪಟ್ಟಿಯಾಗಿದೆ. ಪೆಟ್ರೀಷಿಯ ಬ್ಯಾಂಕ್ಸ್ ಎಂಬಾಕೆ ನ್ಯೂಯಾರ್ಕ್, ಅಟ್ಲಾಂಟ ನಗರಗಳ ಕಪ್ಪು ವೃತ್ತಿವಂತರ ಮನೆಗಳಿಗೆ ಹೋಗಿ, ಅವರ ಗೋಡೆಗಳ ಮೇಲಿನ ಚಿತ್ರಗಳನ್ನು ನೋಡಿ, ಮಾತನಾಡಿಸಿ, 2010ರಲ್ಲಿ ಒಂದು ಪುಸ್ತಕ ಬರೆದರು. ಕಪ್ಪು ಕಲಾವಿದರ ಚಿತ್ರಗಳನ್ನು ಅವರು ಕೊಳ್ಳುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ಬಿಳಿಯರೇ ಹೆಚ್ಚಾಗಿರುವ ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಾದರೂ ತಮ್ಮ ಮುಖದ ಬಣ್ಣವನ್ನು ಗೋಡೆಯ ಮೇಲೆ ಕಂಡು ಬೆಳೆಯಲಿ ಎಂಬುದೊಂದು ಆಸೆ. ತಮ್ಮವರ ಕಲೆ ತಮ್ಮವರಲ್ಲಿ ಉಳಿಯಲಿ ಎಂಬುದೊಂದು ಆಸೆ. ಡೆಟ್ರಾಯಿಟಿನಲ್ಲಿ ಶಸ್ತ್ರವೈದ್ಯರಾಗಿದ್ದ ವಾಲ್ಟರ್ ಎವನ್ಸ್ ದಶಕಗಳ ಕಾಲ ಹೀಗೆ ಚಿತ್ರಗಳನ್ನು ಕೂಡಿಸಿ, ಅವುಗಳಲ್ಲಿ ಹಲವನ್ನು ಸವನ್ನಾ ನಗರದ ಕಲಾಶಾಲೆಗೆ ಕೊಟ್ಟರು.

ಆದರೂ ಸಂಬಳವೇ ಸಂಪತ್ತಲ್ಲ. ಅಮೆರಿಕೆಯ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ ಸುಮಾರು 2,85,000 ಡಾಲರು; ಕಪ್ಪು ಕುಟುಂಬದ್ದು ಸುಮಾರು 45,000. ತಾತ ಬಿಟ್ಟುಹೋದ ಮನೆಯಿಲ್ಲದವನು ಮೊಮ್ಮಗನಿಗೆ ಬಿಟ್ಟುಹೋಗಬೇಕೆಂದು ಕೊಳ್ಳುವ ಚಿತ್ರಪಟಕ್ಕೆ ಬೇರೆಯೇ ಒಂದು ಭಾರವಿರುತ್ತದೆ. ರಹದಾರಿಯಂತೂ ಈಗಲೂ ನಂಬಲರ್ಹವಲ್ಲ. 2009ರ ಜುಲೈಯಲ್ಲಿ ಹಾರ್ವರ್ಡಿನ ಹೆಸರಾಂತ ಸಾಹಿತ್ಯ ಪ್ರಾಧ್ಯಾಪಕ ಹೆನ್ರಿ ಲೂಯಿಸ್ ಗೇಟ್ಸ್ ಪ್ರವಾಸದಿಂದ ಮರಳಿ, ಜಾಮಾಗಿದ್ದ ತಮ್ಮ ಮನೆಯ ಬಾಗಿಲನ್ನು ತೆರೆದು ಒಳಗೆ ಹೋದರು. ಪೊಲೀಸರು ಬಂದರು, ಮಾತಿಗೆ ಮಾತು ಬೆಳೆದು ಅವರಿಗೆ ಕೈಕೋಳ ಬಿತ್ತು. ಆರೋಪವನ್ನು ಕೆಲವು ದಿನಗಳಲ್ಲಿಯೇ ಕೈಬಿಟ್ಟರು. ಮನೆಯೊಳಗೆ ಎಷ್ಟು ಗ್ರಂಥಗಳಿದ್ದುವೆಂದು ಯಾರೂ ಎಣಿಸಲಿಲ್ಲ.

ಚಿಕಾಗೊದಿಂದ ಆರಂಭವಾದ ಮಾತು ಚಿಕಾಗೊಕ್ಕೇ ಮರಳುತ್ತಿದೆ. ಅಲ್ಲಿ ನೆಲಸಿರುವ ಚಿತ್ರಕಾರ ಕೆರಿ ಜೇಮ್ಸ್ ಮಾರ್ಷಲ್ 1997ರಲ್ಲಿ ‘ಪಾಸ್ಟ್ ಟೈಮ್ಸ್’ ಎಂಬ ಚಿತ್ರವನ್ನು ಬರೆದರು. ಒಂಬತ್ತು ಅಡಿಗೂ ಮೀರಿದ ಎತ್ತರ, ಹದಿಮೂರು ಅಡಿ ಅಗಲ. ನಗರದ ಸಾರ್ವಜನಿಕ ಸಂಸ್ಥೆಯೊಂದು ಅದನ್ನು 25,000 ಡಾಲರಿಗೆ ಕೊಂಡು ತನ್ನ ಸಭಾಭವನದಲ್ಲಿ ತೂಗುಹಾಕಿತ್ತು. 2018ರ ಹರಾಜಿನಲ್ಲಿ ಅದಕ್ಕೆ ಎರಡು ಕೋಟಿ ಹನ್ನೊಂದು ಲಕ್ಷ ಡಾಲರು ಬಂದಿತು. ಬೆಲೆಯ ಮಾತು ಹಾಗಿರಲಿ. ಕೆರೆಯ ದಂಡೆ, ಹಸುರು ಹುಲ್ಲು, ರಜೆಯ ದಿನ. ಹುಲ್ಲಿನ ಮೇಲೆ ಹಾಸಿದ ಬಟ್ಟೆಯ ಮೇಲೆ ಬಿಳಿಯ ಉಡುಪಿನ ಮಂದಿ ಕುಳಿತಿದ್ದಾರೆ. ಮೈಬಣ್ಣ ಕಂದು ಅಲ್ಲ, ಅಪ್ಪಟ ಕಪ್ಪು. ಒಬ್ಬರು ಗಾಲ್ಫ್ ಕೋಲನ್ನು ಬೀಸುತ್ತಿದ್ದಾರೆ, ಒಂದು ಮಗು ಕ್ರೋಕೆ ಆಡುತ್ತಿದೆ, ನೀರಿನಲ್ಲಿ ದೋಣಿಯ ಹಿಂದೆ ಒಬ್ಬರು ಜಾರುತ್ತಿದ್ದಾರೆ. ಎಲ್ಲವೂ ಬಿಳಿಯ ಸಿರಿವಂತರ ವಿನೋದಗಳೇ. ಹುಲ್ಲಿನ ಮೇಲೆ ರೇಡಿಯೊಗಳಿವೆ. ಅವುಗಳಿಂದ ಹಾಡಿನ ಮಾತುಗಳು ರಿಬ್ಬನ್ನಿನಂತೆ ತೇಲಿ ಬರುತ್ತಿವೆ. ಒಂದು ಎಪ್ಪತ್ತರ ದಶಕದ ಕಪ್ಪು ಗಾಯಕರ ಪ್ರೇಮಗೀತ. ಇನ್ನೊಂದು ತೊಂಬತ್ತರ ದಶಕದ ಬೀದಿಯ ರ್‍ಯಾಪ್. ಎರಡನ್ನೂ ಒಟ್ಟಿಗೆ ಹಾಕಿದ್ದಾರೆ. ಯಾರೂ ಧ್ವನಿಯನ್ನು ತಗ್ಗಿಸಿಲ್ಲ. ಚಿತ್ರದ ಮುಂದೆ ನಿಂತ ನಮ್ಮನ್ನು ಆ ಜನರಲ್ಲಿ ಕೆಲವರು ತಲೆಯೆತ್ತಿ ನೋಡುತ್ತಾರೆ. ಊಟದ ನಡುವೆ ಬಂದವರು ಯಾರೆಂಬಂತೆ.